ಸೋಲಾಂಜ್ ಪೆರೋ ಕೆತ್ತಿದ ಸೋಲಾಂಜ್ ಪೆರೋ

ಬೆಳಗಿನ ಆರು ಗಂಟೆ. ಲಾಂಗ್ರ್ ಊರಿನ ಕೋಟೆಗೋಡೆ ದಾಟಿ ಬರುವ ಗಾಳಿಗೆ ಕಿಟಕಿಯ ಗಾಜು ಗಡಗಡ ಅನ್ನುತ್ತಿದೆ. ಕೆಳಮನೆಯ ಕೆಲಸದ ಕೋಣೆಯಲ್ಲಿ ಸೋಲಾಂಜ್ ಪೆರೋ ಆಗಲೇ ಮೇಜಿನ ಮುಂದೆ ಕೂತಿದ್ದಾರೆ. ಮರಳು ತುಂಬಿದ ತೊಗಲಿನ ದಿಂಬಿನ ಮೇಲೆ ಅಂಗೈಯಗಲದ ಹಿತ್ತಾಳೆ ಫಲಕ. ಬಲಗೈಯಲ್ಲಿರುವ ಉಳಿ ಅತ್ತಿತ್ತ ಕದಲುವುದಿಲ್ಲ. ಎಡಗೈ ಫಲಕವನ್ನೇ ಅದರ ಮೊನೆಗೆ ತಿರುಗಿಸಿ ತಿರುಗಿಸಿ ಕೊಡುತ್ತದೆ. ಕೂದಲೆಳೆಯಷ್ಟು ತೆಳುವಾದ ಹಿತ್ತಾಳೆ ಸುರುಳಿಯಾಗಿ ಮೇಲೇಳುತ್ತದೆ. ಅದನ್ನು ಅವರು ಕುಂಚದಿಂದ ಸವರಿ ಕೆಳಗೆ ಬೀಳಿಸುತ್ತಾರೆ, ಬಾಯಿಂದ ಊದುವುದಿಲ್ಲ. ಉಸಿರಿನ ತೇವಕ್ಕೆ ಲೋಹ ಮಂಕಾಗುತ್ತದಂತೆ.

ಇವತ್ತಿನ ಹೆಸರು ಒಡೆತ್ ಗಾರ್ನಿಯೇ, 1931–2025. ಹತ್ತೂವರೆಗೆ ಚರ್ಚಿನಲ್ಲಿ ಪ್ರಾರ್ಥನೆ, ಹನ್ನೆರಡರೊಳಗೆ ಮಣ್ಣು. ಅಷ್ಟರೊಳಗೆ ಈ ಫಲಕ ಶವಪೆಟ್ಟಿಗೆಯ ಮುಚ್ಚಳದ ಮೇಲೆ ಕೂತಿರಬೇಕು. ಹೆಸರಿಲ್ಲದ ಪೆಟ್ಟಿಗೆಯನ್ನು ಹೂಳುವಂತಿಲ್ಲ. ವಾರಕ್ಕೆ ನಾಲ್ಕು ಫಲಕ, ಚಳಿ ಜೋರಾದ ವಾರ ಆರೇಳು. ಒಂದೊಂದಕ್ಕೆ ಐವತ್ತು ನಿಮಿಷ. ನಲವತ್ತಮೂರು ವರ್ಷದಲ್ಲಿ ಎಂಟು ಸಾವಿರ ಚಿಲ್ಲರೆ ಹೆಸರುಗಳು ಈ ಮೇಜಿನಿಂದ ಎದ್ದು ನೆಲದಡಿಗೆ ಹೋಗಿವೆ.

"ನನ್ನ ಕೆಲಸ ಜನ ನೋಡೋದು ಒಂದೇ ಒಂದು ಗಂಟೆ," ಎನ್ನುತ್ತಾರೆ ಸೋಲಾಂಜ್, ತಲೆ ಎತ್ತದೆ. "ಅದೂ ಅಳ್ತಾ ನೋಡ್ತಾರೆ. ಅಳೋ ಕಣ್ಣಿಗೆ ಅಕ್ಷರ ಎಲ್ಲಿ ಕಾಣುತ್ತೆ?"

ಫಲಕಗಳನ್ನು ಕೆತ್ತಿಸುವುದು ಊರಿನಲ್ಲಿ ಅಂತ್ಯಕ್ರಿಯೆಯ ಏರ್ಪಾಟು ನೋಡಿಕೊಳ್ಳುವ ರಿಬೊಲೆ. ಯಂತ್ರದಲ್ಲಿ ನಾಲ್ಕು ನಿಮಿಷಕ್ಕೆ ಆಗುವ ಕೆಲಸವನ್ನು ಅವರು ಇನ್ನೂ ಕೈಯಲ್ಲಿ ಮಾಡಿಸುತ್ತಾರೆ. ಯಾಕೆಂದು ಕೇಳಿದರೆ, "ನಮ್ಮಪ್ಪ ಅವರಪ್ಪನ ಕೈಲಿ ಮಾಡಿಸ್ತಿದ್ದ. ನಾನು ಯಾಕೆ ಬಿಡಿಸ್ಲಿ?" ಅಂತಾರೆ. ಸೋಲಾಂಜ್ ಅವರನ್ನು ರೇಗಿಸುವುದು ಅವರ ನಿತ್ಯದ ಅಭ್ಯಾಸ. "ಮದಾಮ್, ನಿಮ್ಮಷ್ಟು ಪುಣ್ಯವಂತರು ಯಾರಿದಾರೆ? ಗಿರಾಕಿಗಳು ಒಬ್ಬರಾದ್ರೂ ತಕರಾರು ತೆಗೆದಿದಾರಾ?"

ಇದು ಬೆಳಗಿನ ಪಾಳಿ. ಮಧ್ಯಾಹ್ನ ಇದೇ ಮೇಜಿನ ಮೇಲೆ ಹಿತ್ತಾಳೆ ಹೋಗಿ ತಾಮ್ರ ಬರುತ್ತದೆ. ತಾಮ್ರದ ತಗಡಿನಲ್ಲಿ ಗೆರೆ ಕೆತ್ತಿ, ಮಸಿ ತುಂಬಿ, ಒರೆಸಿ, ಒದ್ದೆ ಕಾಗದ ಹಾಸಿ, ಮೂಲೆಯಲ್ಲಿರುವ ಹಳೆಯ ಅಚ್ಚಿನ ಯಂತ್ರದ ಉರುಳೆಗಳ ನಡುವೆ ಹಾಯಿಸುತ್ತಾರೆ. ಭಾನುವಾರ ಬಣ್ಣ ಮತ್ತು ಕ್ಯಾನ್ವಾಸು. ಗಾಳಿಗೆ ಸೆಟೆದು ನಿಂತ ಒದ್ದೆ ಬಟ್ಟೆಗಳು, ಕೋಟೆಯ ಮೇಲೆ ಟೋಪಿ ಹಿಡಿದುಕೊಂಡು ನಡೆಯುವ ಹೆಂಗಸರು, ಮುಚ್ಚಿದ ಅಂಗಡಿಗಳ ಬಾಗಿಲು. ಮೂವತ್ತು ವರ್ಷದಲ್ಲಿ ಮಾರಾಟವಾದ ಬಣ್ಣದ ಚಿತ್ರಗಳನ್ನು ಎರಡು ಕೈಬೆರಳಲ್ಲಿ ಎಣಿಸಬಹುದು. ಅಚ್ಚುಚಿತ್ರಗಳದ್ದು ಸ್ವಲ್ಪ ಮೇಲು.

ಅಪ್ಪ ಫೆರ್ನಾಂ ಪೆರೋ ಶವಪೆಟ್ಟಿಗೆಯ ಫಲಕಗಳ ಜೊತೆಗೆ ಚಾಕುವಿನ ಅಲಗಿನ ಮೇಲೂ ಹೆಸರು, ಬಳ್ಳಿ, ಹಕ್ಕಿ ಕೆತ್ತುವವರು. ಇಪ್ಪತ್ತೆರಡು ಕಿಲೋಮೀಟರ್ ದೂರದ ನೋಜಾಂ ಚಾಕು ಕತ್ತರಿಗಳ ಊರು. ಫೆರ್ನಾಂ ಪ್ರತಿ ಮಂಗಳವಾರ, ಶುಕ್ರವಾರ ಬಸ್ಸು ಹಿಡಿದು ಅಲ್ಲಿಗೆ ಹೋಗಿ ಅಲಗುಗಳನ್ನು ಕೊಟ್ಟು ಬರುತ್ತಿದ್ದರು. ಮಗಳು ಏಳನೇ ವರ್ಷಕ್ಕೇ ಉಳಿ ಹಿಡಿದಳು. ಹದಿನೆಂಟಕ್ಕೆ ಪ್ಯಾರಿಸ್‌ಗೆ ಹೋಗಿ ತಾಮ್ರದ ಕೆತ್ತನೆ ಕಲಿತಳು. ಆಮೇಲೆ ನಾಲ್ಕು ವರ್ಷ ಅಲ್ಲೇ ಒಂದು ಅಚ್ಚುಮನೆಯಲ್ಲಿ ದುಡಿಮೆ. ಹೆಸರಾದ ಚಿತ್ರಗಾರರು ಬಣ್ಣದಲ್ಲಿ ಬರೆದದ್ದನ್ನು ಈಕೆ ಗೆರೆಯಲ್ಲಿ ತಾಮ್ರಕ್ಕೆ ಇಳಿಸಬೇಕು. ಕೆಳಗಿನ ಸಹಿ ಅವರದು.

"ಬೇಜಾರಾಗ್ತಿರಲಿಲ್ವಾ?"

"ಹೊಟ್ಟೆಗೆ ಊಟ ಇತ್ತಲ್ಲ. ಬೇಜಾರು ಮಾಡ್ಕೊಳೋಕೆ ಪುರುಸೊತ್ತು ಬೇಕು."

ಎಂಬತ್ತೆರಡರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಸೋಲಾಂಜ್ ಊರಿಗೆ ಬಂದರು. ಅಪ್ಪನ ಕೆಲಸ, ಅಪ್ಪನ ಮೇಜು, ಅಪ್ಪನ ಏಳು ಉಳಿಗಳು ಅವರ ಪಾಲಿಗೆ ಬಂದವು. ಆರು ವರ್ಷ ಹಾಸಿಗೆ ಹಿಡಿದಿದ್ದ ಫೆರ್ನಾಂ ತೀರಿಕೊಂಡಾಗ ಅವರ ಫಲಕವನ್ನೂ ಮಗಳೇ ಕೆತ್ತಿದರು. ಬಾಡಿಗೆ ಮನೆ, ಆಸ್ತಿ ಅಂತ ಇದ್ದದ್ದು ಉಪಕರಣಗಳ ಪೆಟ್ಟಿಗೆ ಒಂದೇ. ವಾರಸುದಾರರು ಯಾರೆಂದು ಬರೆಸಲು ನೋಟರಿಯ ಹತ್ತಿರ ಹೋಗುವ ಪ್ರಮೇಯವೇ ಬರಲಿಲ್ಲ. ಕೆಲವು ವರ್ಷದ ಮೇಲೆ ಅಮ್ಮನೂ ಹೋದರು. ಸೋಲಾಂಜ್ ಅಂಚೆಯವನಾಗಿದ್ದ ರೋಲಾಂನನ್ನು ಮದುವೆಯಾದರು, ಕೆಲಸಕ್ಕೆ ಹುಟ್ಟುಹೆಸರನ್ನೇ ಉಳಿಸಿಕೊಂಡರು. ಮಕ್ಕಳಾಗಲಿಲ್ಲ. ಬಲಹೆಬ್ಬೆರಳಿನ ಬುಡ ಈಗ ಚಳಿಗಾಲದಲ್ಲಿ ಬಾತುಕೊಳ್ಳುತ್ತದೆ, ಎಡಗಣ್ಣಿನ ಪೊರೆ ತೆಗೆದಿದ್ದಾರೆ.

ಇಷ್ಟಾದರೆ ಇದು ಎಷ್ಟೋ ಕೈಕಸುಬಿನವರ ಕತೆ. ಮೂರು ವರ್ಷದ ಹಿಂದಿನ ಫೆಬ್ರುವರಿಯ ಒಂದು ಬೆಳಗು ಇದನ್ನು ಬೇರೆಯೇ ಮಾಡಿಬಿಟ್ಟಿತು.

ರಿಬೊಲೆ ಹಿಂದಿನ ಸಂಜೆ ಅಂಚೆ ಡಬ್ಬಿಗೆ ಚೀಟಿ ಹಾಕಿ ಹೋಗಿದ್ದರು. ಸೋಲಾಂಜ್ ಎಂದಿನಂತೆ ಹಿತ್ತಾಳೆ ತುಂಡನ್ನು ಒರೆಸಿ, ದಿಂಬಿನ ಮೇಲಿಟ್ಟು, ಕನ್ನಡಕ ಹಾಕಿಕೊಂಡು ಚೀಟಿ ಬಿಡಿಸಿದರು. ಅದರಲ್ಲಿ ಇದ್ದದ್ದು ಒಂದೇ ಸಾಲು: ಸೋಲಾಂಜ್ ಪೆರೋ, 1957–2022.

ಓದಿದ್ದು ತಲೆಗೆ ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ತನ್ನ ಹೆಸರು. ತಾನು ಹುಟ್ಟಿದ ವರ್ಷ. ಈ ವರ್ಷ. ಯಾರದೋ ಕುಚೇಷ್ಟೆ ಎಂದುಕೊಂಡರು. ಆದರೆ ಅಕ್ಷರ ರಿಬೊಲೆಯದೇ, ಮುದ್ರೆಯೂ ಅವರ ಅಂಗಡಿಯದೇ.

ಅಡಿಗೆಮನೆಗೆ ಹೋಗಿ ಚೀಟಿಯನ್ನು ಗಂಡನ ಮುಂದಿಟ್ಟರು. ರೋಲಾಂ ಓದಿದ, ತಿರುಗಿಸಿ ಹಿಂದೆ ನೋಡಿದ.

"ಸತ್ತಿದ್ದು ಯಾವಾಗ? ಕಾಫಿಗೆ ಮುಂಚೇನಾ, ಆಮೇಲಾ?" ಅಂದ. ಹೆಂಡತಿಯ ಮುಖ ನೋಡಿದವನು ನಗು ನುಂಗಿಕೊಂಡ. "ಕೂತ್ಕೋ. ಮೊದ್ಲು ಕೂತ್ಕೋ ನೀನು."

ಏಳಕ್ಕೆ ಇನ್ನೂ ಇಪ್ಪತ್ತು ನಿಮಿಷ ಇರುವಾಗಲೇ ಸೋಲಾಂಜ್ ಫೋನು ಮಾಡಿದರು.

"ಮೆಸ್ಯೂ ರಿಬೊಲೆ, ನಾನು ಹೋಗ್ಬಿಟ್ಟಿರೋ ವಿಷಯ ನನಗೊಂದು ಮಾತು ಹೇಳ್ಬಾರದಿತ್ತಾ?"

ಆ ಕಡೆಯಿಂದ ಉಸಿರು ಬಿಟ್ಟ ಸದ್ದು. "ಅಯ್ಯೋ ಮದಾಮ್, ನಾನೇ ಫೋನ್ ಮಾಡ್ಬೇಕು ಅಂತಿದ್ದೆ, ಮರೆತೇಬಿಟ್ಟೆ. ಅವರು ನೋಜಾಂದವರು. ಹೆಸರೂ ಅದೇ, ವರ್ಷಾನೂ ಅದೇ ಬಿದ್ದಿದೆ."

"ಬರೆಯುವಾಗ ತಪ್ಪಾಗಿಲ್ಲ ತಾನೆ?"

"ಮೂರು ಸಲ ಕಾಗದ ನೋಡಿದೀನಿ. ನಿಮಗೆ ಕಷ್ಟ ಅನ್ನಿಸಿದ್ರೆ ಹೇಳಿ, ಯಂತ್ರದಲ್ಲಿ ಮಾಡಿಸ್ಕೊಂಡು ಬರ್ತೀನಿ."

"ಬೇಡ," ಅಂದರು ಸೋಲಾಂಜ್. "ಒಂದೇ ಹೆಸರಿಟ್ಕೊಂಡಿದ್ದೀವಿ. ಇಷ್ಟಾದ್ರೂ ಮಾಡ್ತೀನಿ."

ಕೆತ್ತನೆಗೆ ಕೂತರು. ತಾಮ್ರದ ಮೇಲೆ ಎಲ್ಲವನ್ನೂ ತಿರುಗುಮುರುಗಾಗಿ ಕೆತ್ತಬೇಕು, ಕಾಗದದ ಮೇಲೆ ಅಚ್ಚಾದಾಗ ಅದು ನೇರವಾಗುತ್ತದೆ. ತಮ್ಮ ಹೆಸರನ್ನು ನಲವತ್ತು ವರ್ಷ ಅವರು ಚಿತ್ರಗಳ ಕೆಳಗೆ ಹಾಗೆ, ಬಲದಿಂದ ಎಡಕ್ಕೆ, ಉಲ್ಟಾ ಕೆತ್ತುತ್ತ ಬಂದವರು. ಶವಪೆಟ್ಟಿಗೆಯ ಫಲಕ ನೇರ. ಬೇರೆ ಎಂಟು ಸಾವಿರ ಹೆಸರಿಗೆ ಆಗದ ಗೊಂದಲ ಈ ಹೆಸರಿಗೆ ಆಯಿತು. ಪೆರೋ ಎಂಬಲ್ಲಿನ 'ಆರ್' ಅಕ್ಷರಕ್ಕೆ ಬಂದಾಗ ಕೈ ತನಗೆ ಗೊತ್ತಿದ್ದ ದಾರಿ ಹಿಡಿಯಿತು. ಅಕ್ಷರ ಬೆನ್ನು ತಿರುಗಿಸಿ ನಿಂತಿತು. ಸೋಲಾಂಜ್ ಗರಬಡಿದವರಂತೆ ಅದನ್ನು ನೋಡಿದರು. ಪ್ಯಾರಿಸ್ ಬಿಟ್ಟು ಬಂದ ಮೇಲೆ ಅವರು ಕೆಡಿಸಿದ ಮೊದಲ ಫಲಕ ಅದು.

ಇನ್ನೊಂದು ತುಂಡು ತೆಗೆದುಕೊಂಡರು. ಈ ಸಲ ಪ್ರತಿ ಅಕ್ಷರಕ್ಕೂ ಮುಂಚೆ ಅದನ್ನು ಬಾಯಲ್ಲಿ ಹೇಳಿಕೊಂಡರು. ಒಂದೂವರೆ ಗಂಟೆ ಹಿಡಿಯಿತು. ಮುಗಿದ ಮೇಲೆ ಅದನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ರೋಲಾಂನನ್ನು ಕರೆದರು.

"ಗಾಡಿ ತೆಗಿ. ನೋಜಾಂಗೆ ನಾನೇ ತಗೊಂಡ್ ಹೋಗ್ತೀನಿ."

"ರಿಬೊಲೆ ಬಂದು ತಗೊಂಡ್ ಹೋಗ್ತಾನಲ್ಲ?"

"ಯಾರು ಅಂತ ನೋಡ್ಬೇಕು ಕಣೋ ನನಗೆ."

ನೋಜಾಂನ ಇಳಿಜಾರು ಬೀದಿಯೊಂದರಲ್ಲಿ ನೀಲಿ ಕಿಟಕಿಯ ಸಣ್ಣ ಮನೆ. ಬಾಗಿಲು ತೆರೆದದ್ದು ನಲವತ್ತರ ಆಸುಪಾಸಿನ ಹೆಂಗಸು, ಕಪ್ಪು ಸ್ವೆಟರು, ಅತ್ತು ಊದಿದ ಕಣ್ಣು. ಆಕೆ ತೀರಿಕೊಂಡವರ ಒಬ್ಬಳೇ ಮಗಳು, ಹೆಸರು ಓರೆಲಿ. ಸೋಲಾಂಜ್ ತಾವು ಯಾರು ಎಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಓರೆಲಿಯ ಮುಖದ ರಕ್ತವೆಲ್ಲ ಇಳಿದುಹೋಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಮೆಲ್ಲಗೆ ಹೊಸ್ತಿಲ ಮೇಲೆ ಕುಸಿದು ಕೂತಳು. "ಅಮ್ಮ," ಅಂದಳು, ಯಾರಿಗೂ ಅಲ್ಲ, ತನ್ನಷ್ಟಕ್ಕೆ.

ರೋಲಾಂ ಅವಳನ್ನು ಎಬ್ಬಿಸಿದ. ದುಃಖದಲ್ಲಿ ತಲೆ ಸುತ್ತಿರಬೇಕು ಎಂದುಕೊಂಡ. ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯ ಮುಚ್ಚಳ ಇನ್ನೂ ತೆರೆದಿತ್ತು. ಅವನು ಟೋಪಿ ತೆಗೆದು ಹತ್ತಿರ ಹೋದ, ಒಳಗೆ ನೋಡಿದ, ಹೆಂಡತಿಯ ಕಡೆ ತಿರುಗಿದ, ಮತ್ತೆ ಒಳಗೆ ನೋಡಿದ.

"ಸೋಲಾಂಜ್, ಬೇಡ," ಅಂದ. "ಬಾ, ಹೋಗೋಣ."

ಅವರು ಆಗಲೇ ಪೆಟ್ಟಿಗೆಯ ಪಕ್ಕದಲ್ಲಿದ್ದರು.

ಅರವತ್ತು ವರ್ಷ ಕನ್ನಡಿಯಲ್ಲಿ ಕಂಡ ಮುಖ ಅಲ್ಲಿ ಕಣ್ಣು ಮುಚ್ಚಿ ಮಲಗಿತ್ತು. ಅದೇ ಅಗಲ ಹಣೆ, ಅದೇ ಎತ್ತಿದ ಕೆನ್ನೆಮೂಳೆ, ಗಲ್ಲದ ನಡುವೆ ಅದೇ ಗುಳಿ. ಮೂಗು ಮಾತ್ರ ಬೇರೆ, ಸ್ವಲ್ಪ ಅಗಲ. ಕೂದಲು ಇನ್ನೂ ಪೂರ್ತಿ ಬೆಳ್ಳಗಾಗಿರಲಿಲ್ಲ. ಮಿಕ್ಕಿದ್ದೆಲ್ಲ ಫೆರ್ನಾಂ ಪೆರೋ. "ಕಿರುಚಬೇಕು ಅನ್ನಿಸ್ತು," ಎಂದು ಸೋಲಾಂಜ್ ಈಗ ನೆನೆಯುತ್ತಾರೆ. "ಕೈಲಿದ್ದ ಫಲಕ ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೆ ಅಂದ್ರೆ ಅಂಚು ಅಂಗೈಗೆ ಕುಯ್ದುಬಿಡ್ತು. ರಕ್ತ ಬಂದಿದ್ದೂ ಗೊತ್ತಾಗ್ಲಿಲ್ಲ."

ಆಮೇಲಿನ ಮಾತುಕತೆ ನಡೆದದ್ದು ಅಡಿಗೆಮನೆಯಲ್ಲಿ. ಓರೆಲಿ ಕಾಫಿ ಬಗ್ಗಿಸಿದಳು, ಅರ್ಧ ಮೇಜಿಗೆ ಚೆಲ್ಲಿದಳು. ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಬಾಗಿಲಲ್ಲಿ ತಾಯಿಯ ಮುಖವನ್ನೇ ಕಂಡಾಗ ಕುಸಿದಿದ್ದಳು.

"ಅಜ್ಜಿ ಸಿಮೋನ್ ಕತ್ತರಿ ಕಾರ್ಖಾನೇಲಿ ಇದ್ಲು. ಅಜ್ಜ ಮಂಗಳವಾರ ಬರೋನು, ಶುಕ್ರವಾರ ಬರೋನು," ಅಂದಳು. "ಅಮ್ಮ ನಿಮಗಿಂತ ಎಂಟು ತಿಂಗಳು ಚಿಕ್ಕೋಳು. ಆಗ ಮದುವೆ ಆದ ಗಂಡಸು ಹೊರಗಿನ ಮಗೂಗೆ ಹೆಸರು ಕೊಡೋ ಹಾಗಿರಲಿಲ್ಲ. ಅಮ್ಮಂಗೆ ಹದಿನೈದಾದಾಗ ಕಾನೂನು ಬದಲಾಯ್ತಂತೆ. ಮಾರನೇ ವರ್ಷವೇ ಅಜ್ಜ ಪುರಸಭೆಗೆ ಹೋಗಿ ಪೆರೋ ಅಂತ ಬರೆಸಿದ."

"ಸೋಲಾಂಜ್ ಅಂತ ಇಟ್ಟಿದ್ದು?"

"ಅದು ಹುಟ್ಟಿದಾಗ್ಲೇ. ಅಜ್ಜನೇ ಇಟ್ಟಿದ್ದು."

ಸೋಲಾಂಜ್ ರೋಲಾಂನ ಮುಖ ನೋಡಿದರು. ಅವನು ಲೋಟದೊಳಗೆ ನೋಡುತ್ತಿದ್ದ.

ಓರೆಲಿ ಎದ್ದು ಡ್ರಾಯರಿನಿಂದ ಒಂದು ಮಡಚುವ ಚಾಕು ತಂದು ಮೇಜಿನ ಮೇಲಿಟ್ಟಳು. ಕೊಂಬಿನ ಹಿಡಿ, ಅಲಗಿನ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿ, ಹಕ್ಕಿಯ ಕಾಲಡಿಯಲ್ಲಿ 'ನನ್ನ ಸೋಲಾಂಜ್‌ಗೆ'. ಅಂಥದ್ದೇ ಒಂದು ಚಾಕು, ಅದೇ ಹಕ್ಕಿ, ಅದೇ ಮಾತು, ಲಾಂಗ್ರ್‌ನ ಮನೆಯಲ್ಲೂ ಇದೆ. ಹನ್ನೊಂದನೇ ವಯಸ್ಸಿಗೆ ಚರ್ಚಿನಲ್ಲಿ ಮೊದಲ ಪ್ರಸಾದ ತೆಗೆದುಕೊಂಡ ದಿನ ಅಪ್ಪ ಕೈಗಿಟ್ಟು, "ಇಂಥದ್ದು ಈ ಲೋಕದಲ್ಲಿ ಒಂದೇ ಇರೋದು," ಎಂದಿದ್ದರು. ಆ ಹಕ್ಕಿಯ ರೆಕ್ಕೆಯ ಗೆರೆಗಳನ್ನು ನೋಡಿ ನೋಡಿಯೇ ಕೆತ್ತನೆಯವಳಾಗಬೇಕು ಎಂದು ಆಕೆ ತೀರ್ಮಾನಿಸಿದ್ದು. ಈಗ ಎರಡನೆಯ ಹಕ್ಕಿಯನ್ನು ಬೆಳಕಿಗೆ ಹಿಡಿದು ನೋಡಿದರು. ಕೆಲಸದಲ್ಲಿ ಒಂದು ಕೂದಲೆಳೆಯಷ್ಟು ವ್ಯತ್ಯಾಸ ಸಿಗಲಿಲ್ಲ. ಎರಡಕ್ಕೂ ಒಂದೇ ಶ್ರದ್ಧೆ. ಅದೇ ಅವರನ್ನು ಹೆಚ್ಚು ಚುಚ್ಚಿತು.

"ಅವಳಿಗೆ ನನ್ನ ವಿಷಯ ಗೊತ್ತಿತ್ತಾ?" ಕೊನೆಗೆ ಕೇಳಿದರು.

"ಹತ್ತನೇ ವರ್ಷದಿಂದ್ಲೂ. ಬನ್ನಿ, ತೋರಿಸ್ತೀನಿ."

ಮಲಗುವ ಕೋಣೆಯಲ್ಲಿ, ಮಂಚದ ತಲೆಯ ಕಡೆ, ಗಾಜಿನ ಚೌಕಟ್ಟಿನಲ್ಲಿ ಒಂದು ಅಚ್ಚುಚಿತ್ರ: ಕೋಟೆಯ ಮೇಲೆ ಗಾಳಿಗೆ ಬಾಗಿ ನಡೆಯುತ್ತಿರುವ ಇಬ್ಬರು ಹೆಂಗಸರು. ಕೆಳಗೆ ಸಹಿ, ಎಸ್. ಪೆರೋ. ಸೋಲಾಂಜ್ ತೊಂಬತ್ತೆಂಟರಲ್ಲಿ ಕೆತ್ತಿದ ತಗಡು ಅದು.

"ಆ ವರ್ಷ ನೀವು ಕೆಲಸದ ಕೋಣೆ ಬಾಗಿಲು ತೆಗೆದು ಊರಿಗೆಲ್ಲ ಚಿತ್ರ ತೋರಿಸಿದ್ರಲ್ಲ, ಆಗ ಅಮ್ಮ ಬಂದಿದ್ಲು. ನಿಮ್ಮ ಕೈಯಿಂದ್ಲೇ ತಗೊಂಡ್ಲು. ನೀವು ಕಾಗದ ಸುತ್ತಿ ಕೊಟ್ಟು, 'ಮಳೆ ಬರ್ತಿದೆ, ಕೋಟ್ ಒಳಗಿಟ್ಕೊಳಿ' ಅಂದ್ರಂತೆ. ಆ ಮಾತನ್ನ ಅಮ್ಮ ನೂರು ಸಲ ಹೇಳಿರ್ತಾಳೆ." ಓರೆಲಿ ಅಳುತ್ತಲೇ ನಕ್ಕಳು. "ಕಾರ್ಖಾನೆ ಗೆಳತೀರು ಮನೆಗೆ ಬಂದ್ರೆ ಸಹಿ ನೋಡಿ, 'ಏನೇ, ನೀನೇ ಬರೆದಿದ್ದಾ' ಅನ್ನೋರು. ಅಮ್ಮ ಹೌದೂ ಅಂತಿರಲಿಲ್ಲ, ಅಲ್ಲಾನೂ ಅಂತಿರಲಿಲ್ಲ."

ಸೋಲಾಂಜ್ ಮಂಚದ ಅಂಚಿಗೆ ಕೂತುಬಿಟ್ಟರು. ತೊಂಬತ್ತೆಂಟರ ಆ ಎರಡು ದಿನ ನೆನಪಿದೆ. ಮಳೆ ನೆನಪಿದೆ. ಬಂದವರು ಎಷ್ಟು ಜನ ಎಂಬುದೂ ನೆನಪಿದೆ. ಈ ಮುಖ ಮಾತ್ರ ಇಲ್ಲ.

"ಜನ ನನ್ನನ್ನ ಚಿತ್ರಗಾರ್ತಿ ಅಂತಾರೆ," ಎಂದು ಈಗಲೂ ಅವರು ಹೇಳುವುದು ತಡವರಿಸುತ್ತ. "ನೋಡೋದೇ ನನ್ನ ಕಸುಬು. ನನ್ನ ಮುಖಾನೇ ಹೊತ್ಕೊಂಡು ಒಬ್ಬಳು ನನ್ನ ಮುಂದೆ ಬಂದು ನಿಂತ್ಲು. ನಾನು ಕಾಗದ ಸುತ್ತಿ ಕೊಟ್ಟು ಕಳಿಸ್ಬಿಟ್ಟೆ. ಅಪ್ಪ ಮೋಸ ಮಾಡಿದ್ದು ಒಂದು ಕಡೆ ಇರ್ಲಿ. ಇದನ್ನ ಯಾರ ಮೇಲೆ ಹಾಕ್ಲಿ ನಾನು?"

ಇನ್ನೂ ಒಂದು ಮಾತು ಉಳಿದಿತ್ತು. ಹೊರಡುವಾಗ ಬಾಗಿಲ ಹತ್ತಿರ ಓರೆಲಿ ಅದನ್ನು ಹೇಳಿದಳು. ನೋಜಾಂನಲ್ಲೂ ಅಂತ್ಯಕ್ರಿಯೆ ನಡೆಸುವ ಅಂಗಡಿಗಳಿವೆ. ಆದರೂ ಲಾಂಗ್ರ್‌ನ ರಿಬೊಲೆಯನ್ನೇ ಕರೆಸಿದ್ದಕ್ಕೆ ಕಾರಣವಿತ್ತು. ಫೆರ್ನಾಂ ಅವರ ಅಂತ್ಯಕ್ರಿಯೆಯ ದಿನ ಓರೆಲಿಯ ತಾಯಿ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಎಲ್ಲರೂ ಪೆಟ್ಟಿಗೆಯ ಮುಂದೆ ಹಾದು ಹೋಗುವಾಗ ತಾವೂ ಹಾದು ಹೋಗಿ ಫಲಕದ ಅಕ್ಷರಗಳನ್ನು ಓದಿದ್ದರು. ಕೆತ್ತಿದ್ದು ಮಗಳು ಎಂದು ಪಕ್ಕದವರು ಪಿಸುಗುಟ್ಟಿದ್ದು ಕೇಳಿಸಿತ್ತು. ಕಾಯಿಲೆ ಬಲಿತಾಗ ಅವರು ಓರೆಲಿಗೆ ಹೇಳಿದ್ದು ಇಷ್ಟೇ: "ನಂದೂ ಅವಳೇ ಕೆತ್ತಲಿ. ಆಗ ಗೊತ್ತಾಗುತ್ತೆ ಅವಳಿಗೆ. ಅದಕ್ಕೆ ಮುಂಚೆ ಏನೂ ಹೇಳ್ಬೇಡ."

ಆ ಚೀಟಿ ಆಕಸ್ಮಿಕವಾಗಿ ಬಂದದ್ದಲ್ಲ. ಐವತ್ತು ವರ್ಷಕ್ಕೂ ಮೀರಿ ಆಡದೆ ಇಟ್ಟುಕೊಂಡ ಮಾತನ್ನು ಆಕೆ ಆ ಒಂದು ಸಾಲಿನಲ್ಲಿ ಕಳಿಸಿದ್ದರು.

ಮಾರನೆಯ ದಿನ ಅಂತ್ಯಕ್ರಿಯೆಯಲ್ಲಿ ಸೋಲಾಂಜ್ ಓರೆಲಿಯ ಪಕ್ಕದಲ್ಲಿ, ಮೊದಲ ಬೆಂಚಿನಲ್ಲಿ ಕೂತರು. ಕಾರ್ಖಾನೆಯ ಹಳೆಯ ಗೆಳತಿಯರು ಒಬ್ಬರಾದ ಮೇಲೊಬ್ಬರು ಸಂತಾಪ ಹೇಳಲು ಬಂದವರು, ಅವರ ಮುಖ ಕಂಡದ್ದೇ ಹೆಜ್ಜೆ ಮರೆತು ನಿಂತರು. ಒಬ್ಬ ಮುದುಕಿ ಶಿಲುಬೆಯ ಗುರುತು ಹಾಕಿಕೊಂಡು, ಆ ಸಾಲನ್ನೇ ಬಿಟ್ಟು ಹೊರಗೆ ನಡೆದುಬಿಟ್ಟಳು.

ಆಮೇಲಿನ ಮೂರು ತಿಂಗಳು ಸೋಲಾಂಜ್ ತಾಮ್ರ ಮುಟ್ಟಲಿಲ್ಲ. ಬೆಳಗಿನ ಹೆಸರುಗಳನ್ನು ಮಾತ್ರ ಕೆತ್ತಿದರು, ಬಾಕಿ ಹೊತ್ತು ಸುಮ್ಮನೆ ಕೂತರು. ಗೋಡೆಯ ಮೇಲಿದ್ದ ಅಪ್ಪನ ಫೋಟೋ ಇಳಿಸಿ ಸೌದೆಯ ಕೋಣೆಯಲ್ಲಿಟ್ಟರು. ಒಂದು ದಿನ ಊಟಕ್ಕೆ ಕೂತಾಗ ತಟ್ಟನೆ ಅಂದರು: "ಇಬ್ಬರಿಗೂ ಒಂದೇ ಹೆಸರು ಯಾಕಿಟ್ಟ ಗೊತ್ತಾ? ನಿದ್ದೇಲಿ ಕನವರಿಸಿದ್ರೂ ಸಿಕ್ಕಿಬೀಳಬಾರದು ಅಂತ."

"ಆ ಹೆಸರು ಅಷ್ಟು ಇಷ್ಟ ಇತ್ತೋ ಏನೋ," ಅಂದ ರೋಲಾಂ.

"ನೀನು ಯಾರ ಕಡೆ?"

"ನಾನು ಸೂಪಿನ ಕಡೆ. ಆರೋಗ್ತಿದೆ, ಕುಡಿ."

ಅಮ್ಮನಿಗೆ ಗೊತ್ತಿತ್ತೇ ಎಂಬುದು ಅವರನ್ನು ಈಗಲೂ ಕಾಡುತ್ತದೆ. ಅಮ್ಮ ಒಮ್ಮೆಯೂ ನೋಜಾಂ ಬಸ್ಸು ಹತ್ತಿದವರಲ್ಲ. ಮಂಗಳವಾರ ರಾತ್ರಿ ಅಪ್ಪ ಬರುವಷ್ಟರಲ್ಲಿ ದೀಪ ಆರಿಸಿ ಮಲಗಿರುತ್ತಿದ್ದರು. ಅದು ಆಯಾಸವೋ ಬೇರೆಯೋ ಎಂದು ಕೇಳಲು ಈಗ ಯಾರೂ ಉಳಿದಿಲ್ಲ.

ಮೇ ತಿಂಗಳಲ್ಲಿ ಓರೆಲಿ ಬಸ್ಸಿನಲ್ಲಿ ಬಂದಳು. ತಾಯಿಯ ಹಾಗೆ ಅವಳೂ ಕಾರ್ಖಾನೆಯವಳು, ಆಸ್ಪತ್ರೆಯ ಕತ್ತರಿ ಚಿಮುಟಗಳಿಗೆ ಹೊಳಪು ಕೊಡುವ ಕೆಲಸ. ಕೈಯಲ್ಲಿ ಒಂದು ಲಕೋಟೆ. "ಅಮ್ಮ ಫೋಟೋ ತೆಗೆಸ್ಕೊಳ್ತಾನೇ ಇರಲಿಲ್ಲ ತಾಂತ್. ಇರೋದು ಇಷ್ಟೇ, ಎಲ್ಲಾ ಮಸುಕು," ಅಂದಳು. 'ತಾಂತ್' ಅಂದರೆ ದೊಡ್ಡಮ್ಮ. ಆ ಮಾತು ಕೇಳಿ ಸೋಲಾಂಜ್ ಬೆಚ್ಚಿದರು. ಅವರನ್ನು ಹಾಗೆ ಕರೆದವರು ಅದುವರೆಗೆ ಯಾರೂ ಇರಲಿಲ್ಲ. "ಒಂದು ಚಿತ್ರ ಮಾಡಿಕೊಡ್ತೀರಾ?"

ಮೊದಲು ಬಣ್ಣದಲ್ಲಿ ಯತ್ನಿಸಿದರು. ಫೋಟೋ ನೋಡಿ ಬರೆದದ್ದು ಫೋಟೋದ ಹಾಗೇ ಮಂಕಾಗಿ ಬಂತು. ಮೂರು ಕ್ಯಾನ್ವಾಸು ಕೆರೆದುಹಾಕಿದರು. ನಾಲ್ಕನೆಯ ವಾರ ತಾಮ್ರದ ತಗಡು ತೆಗೆದುಕೊಂಡು, ಕನ್ನಡಿಯನ್ನು ಮೇಜಿನ ಮುಂದೆ ನಿಲ್ಲಿಸಿ, ಕನ್ನಡಿಯಲ್ಲಿ ಕಂಡ ತಮ್ಮ ಮುಖವನ್ನೇ ಕಂಡ ಹಾಗೆ ಕೆತ್ತತೊಡಗಿದರು. ಶನಿವಾರಗಳಂದು ಓರೆಲಿ ಪಕ್ಕದಲ್ಲಿ ಕೂತು ತಿದ್ದುತ್ತಿದ್ದಳು. "ಮೂಗು ಇನ್ನೊಂಚೂರು ಅಗಲ. ಹುಬ್ಬು ಇಷ್ಟು ಗಂಟು ಹಾಕ್ತಿರಲಿಲ್ಲ. ನೀವು ಯಾವಾಗ್ಲೂ ಸಿಟ್ಟಾಗಿರೋ ಹಾಗೆ ಕಾಣ್ತೀರಿ, ಅಮ್ಮ ಹಾಗಲ್ಲ." ಅಗಲ ಮಾಡಿದರು. ಹುಬ್ಬು ಬಿಡಿಸಿದರು. ಹನ್ನೊಂದು ವಾರ ಹಿಡಿಯಿತು.

ಆಗಸ್ಟಿನ ಒಂದು ಶನಿವಾರ ಬೆಳಿಗ್ಗೆ ತಗಡಿಗೆ ಮಸಿ ತುಂಬಿ, ಅಂಗೈಯಿಂದ ಒರೆಸಿ, ಕಾಗದ ಹಾಸಿ ಯಂತ್ರದ ಚಕ್ರ ತಿರುಗಿಸಿದರು. ಕಾಗದದ ಎರಡು ಮೂಲೆ ಹಿಡಿದು ಮೆಲ್ಲಗೆ ಎತ್ತಿದರು.

ನಾವು ನಮ್ಮ ಮುಖವನ್ನು ಕನ್ನಡಿಯಲ್ಲಿ ಮಾತ್ರ ಬಲ್ಲೆವು, ಎಡ ಬಲವಾಗಿ, ಬಲ ಎಡವಾಗಿ. ಅಚ್ಚು ಅದನ್ನು ಮತ್ತೊಮ್ಮೆ ತಿರುಗಿಸುತ್ತದೆ. ಮಿಕ್ಕವರು ನಮ್ಮನ್ನು ಕಾಣುವ ಹಾಗೆ ಮುಖ ಕಾಗದಕ್ಕೆ ಇಳಿಯುತ್ತದೆ. ಕೆತ್ತನೆಯವರಿಗೆಲ್ಲ ಗೊತ್ತಿರುವ ಮಾತು ಇದು. ಸೋಲಾಂಜ್‌ಗೂ ಗೊತ್ತಿತ್ತು. ಆದರೆ ತಮ್ಮ ಮುಖವನ್ನು ಅವರು ಹಿಂದೆಂದೂ ಕೆತ್ತಿರಲಿಲ್ಲ. ಕಾಗದದಿಂದ ಅವರನ್ನು ನೋಡುತ್ತಿದ್ದ ಹೆಂಗಸು ತಮ್ಮ ಹಾಗೇ ಇದ್ದರೂ ತಾವಲ್ಲ. ಕಾಗದ ಕೈಜಾರಿ ನೆಲಕ್ಕೆ ಬೀಳುತ್ತಿತ್ತು, ಓರೆಲಿ ಹಿಡಿದಳು. ಹಿಡಿದವಳು ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಇವಳೇ," ಅಂದಳು ಓರೆಲಿ.

"ಆವತ್ತು ನೋಡ್ದೇ ಬಿಟ್ಟಿದ್ದನ್ನ ಈಗ ನೋಡ್ದೆ," ಎನ್ನುತ್ತಾರೆ ಸೋಲಾಂಜ್. "ಇಪ್ಪತ್ನಾಲ್ಕು ವರ್ಷ ತಡವಾಯ್ತು. ಏನ್ಮಾಡೋದು?"

ಎರಡೇ ಪ್ರತಿ ತೆಗೆದರು. ಒಂದು ನೋಜಾಂನ ಮನೆಯಲ್ಲಿದೆ, ಒಂದು ಇಲ್ಲಿ. ರಿಬೊಲೆ ಅದನ್ನು ನೋಡಿ ಪ್ಯಾರಿಸ್‌ನಲ್ಲಿ ಪ್ರದರ್ಶನ ಇಡಿ ಎಂದು ದುಂಬಾಲು ಬಿದ್ದರು, ಒಂದು ಪತ್ರಿಕೆಗೂ ಹೇಳಿ ಕಳಿಸಿದರು. ಸೋಲಾಂಜ್ ತಗಡನ್ನು ಮೇಣ ಸವರಿ ಬ್ರೆಡ್ಡಿನ ಅಲಮಾರಿನ ಹಿಂದೆ ಇಟ್ಟುಬಿಟ್ಟರು. ಅಪ್ಪನ ಫೋಟೋ ಸೌದೆಯ ಕೋಣೆಯಿಂದ ಇನ್ನೂ ಹೊರಗೆ ಬಂದಿಲ್ಲ. ಕ್ಷಮಿಸಿದಿರಾ ಎಂದು ಕೇಳಿದರೆ ಭುಜ ಹಾರಿಸುತ್ತಾರೆ. "ಇನ್ನೂ ದಿಗಿಲು ಹೋಗಿಲ್ಲ. ಸಿಟ್ಟು ಬರೋಕೆ ಅದು ಜಾಗ ಬಿಡ್ಬೇಕಲ್ಲ."

ಕೆಲಸದಲ್ಲಿ ಒಂದೇ ಒಂದು ಬದಲಾವಣೆ ಮಾಡಿಕೊಂಡಿದ್ದಾರೆ. ಚೀಟಿ ಬಂದ ಮೇಲೆ ರಿಬೊಲೆಗೆ ಫೋನು ಮಾಡಿ, ತೀರಿಕೊಂಡವರ ಬಗ್ಗೆ ಏನಾದರೂ ಒಂದು ವಿಷಯ ಕೇಳಿ ತಿಳಿದೇ ಉಳಿ ಹಿಡಿಯುತ್ತಾರೆ. ರಿಬೊಲೆ ಗೊಣಗುತ್ತಾರೆ, ಆದರೂ ಈಗ ಮನೆಯವರನ್ನು ಕೇಳಿ ಬರೆದಿಟ್ಟುಕೊಂಡಿರುತ್ತಾರೆ. ಒಡೆತ್ ಗಾರ್ನಿಯೇ ಶಾಲೆಯ ಅಡಿಗೆಮನೆಯಲ್ಲಿ ಮೂವತ್ತು ವರ್ಷ ಆಲೂಗಡ್ಡೆ ಸುಲಿದವರು. ಹಾಡುತ್ತ ಸುಲಿಯುತ್ತಿದ್ದರಂತೆ.

ಏಳು ಗಂಟೆಗೆ ಫಲಕ ಮುಗಿಯಿತು. ಇವತ್ತು ಶನಿವಾರ. ಹೊರಗೆ ಬಸ್ಸು ನಿಂತ ಸದ್ದು, ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಓರೆಲಿ ಬೇಕರಿಯ ಪೊಟ್ಟಣ ಹಿಡಿದು ಒಳಗೆ ಬರುತ್ತಾಳೆ, ದೊಡ್ಡಮ್ಮನ ಎರಡೂ ಕೆನ್ನೆಗೆ ಮುತ್ತಿಟ್ಟು, ಕೋಟು ಬಿಚ್ಚಿ, ಕಿಟಕಿಯ ಪಕ್ಕದ ಎರಡನೆಯ ಸ್ಟೂಲಿನ ಮೇಲೆ ಕೂರುತ್ತಾಳೆ. ಒಂದು ವರ್ಷದಿಂದ ಅವಳು ಉಳಿ ಹಿಡಿಯುವುದನ್ನು ಕಲಿಯುತ್ತಿದ್ದಾಳೆ. ಮುಂದಿರುವ ಹಿತ್ತಾಳೆ ಚೂರಿನ ಮೇಲೆ ಒಂದೇ ಅಕ್ಷರ ನಲವತ್ತು ಸಲ.

"ಹೆಗಲು ಇಳಿಸು. ಇದು ಕಾರ್ಖಾನೆ ಅಲ್ಲ, ಯಾರೂ ಓಡಿಸ್ತಿಲ್ಲ," ಎನ್ನುತ್ತಾರೆ ಸೋಲಾಂಜ್.

"ಇಳಿಸೇ ಇದೀನಿ ತಾಂತ್."

"ಇದು ಇಳಿಸಿರೋದಾ? ಕಿವಿಗೆ ತಗಲ್ತಿದೆ."

ಮುಂದೆ ಏನು ಆಸೆ ಎಂದು ಕೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಪ್ರದರ್ಶನ ಬೇಡ, ಹೆಸರು ಬೇಡ, ಅದು ಆಗಲೇ ಎರಡೆರಡು ಸಲ ಬರೆದಾಯಿತು. ಓರೆಲಿಯ ಕೈಯಲ್ಲಿರುವ ಹಿತ್ತಾಳೆ ಚೂರನ್ನು ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡುತ್ತಾರೆ.

"ನನ್ನ ಫಲಕ ಇವಳು ಕೆತ್ತಬೇಕು. ಆದ್ರೆ ನೋಡಿ, ಇವಳ 'ಎಸ್' ಇನ್ನೂ ಸೊಟ್ಟ," ಎನ್ನುತ್ತಾರೆ. "ಇದು ನೆಟ್ಟಗಾಗೋವರೆಗೂ ನಾನು ಸಾಯೋ ಹಾಗಿಲ್ಲ."